ಹಸ್ತಪ್ರತಿಸೂಚಿಗಳ ಸಂಸ್ಕರಣದಲ್ಲಿ ಆಧಾರಕೋಷ್ಟಕಗಳ ವಿನಿಯೋಗ

ಜೈನ ಹಸ್ತಪ್ರತಿಗಳ ಅಧ್ಯಯನಕ್ಕೆ ಸೂಚಿಗಳೇ ಹೆಬ್ಬಾಗಿಲೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. 1944ರಲ್ಲಿ ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಿಂದ ಪ್ರಕಟವಾದ ಎಚ್. ಡಿ. ವೇಲಣಕರ್ ಅವರ ‘ಜಿನರತ್ನಕೋಶ’ವೂ, 1948ರಲ್ಲಿ ಭಾರತೀಯ ಜ್ಞಾನಪೀಠವು ಹೊರತಂದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯೂ ಇಂದಿಗೂ ಸಂಶೋಧಕರ ಕೈಪಿಡಿಗಳಾಗಿವೆ. ಇಂತಹ ಸೂಚಿಗಳನ್ನೂ ಭಂಡಾರಗಳ ಕೈಬರಹದ ಪಟ್ಟಿಗಳನ್ನೂ ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯವು ಈಗ ಅನೇಕ ಕಡೆಗಳಲ್ಲಿ ನಡೆಯುತ್ತಿದೆ. ಹಾಗೆ ಅಳವಡಿಸಿದ ಮೇಲೆ, ಮೂಲದಲ್ಲಿ ಸಂಕ್ಷಿಪ್ತವಾಗಿರುವ ಪ್ರತಿಯೊಂದು ನಮೂದಿಗೂ ಕರ್ತೃವಿನ ಪೂರ್ಣನಾಮ, ಕಾಲ, ಭಾಷೆ, ವಿಷಯ ಮುಂತಾದ ವಿವರಗಳನ್ನು ಬೇರೊಂದು ಪಟ್ಟಿಯಿಂದ ತಂದು ಕೂಡಿಸುವ ವಿಧಾನವೊಂದುಂಟು. ಇದಕ್ಕೆ ಗಣಕ ಪರಿಭಾಷೆಯಲ್ಲಿ ‘ಲುಕಪ್’ ಎಂದು ಹೆಸರು. ಈ ವಿಧಾನದ ಸ್ವರೂಪವನ್ನೂ, ಅದರಿಂದ ಒದಗುವ ಪ್ರಯೋಜನವನ್ನೂ, ಸಂಭವಿಸಬಹುದಾದ ಪ್ರಮಾದಗಳನ್ನೂ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಿಧಾನದ ಸ್ವರೂಪ

ಒಂದೇ ಸಂಗತಿಯನ್ನು ನೂರು ಕಡೆ ಬರೆಯುವುದಕ್ಕೆ ಬದಲು ಒಂದೆಡೆ ಬರೆದು, ಮಿಕ್ಕ ಕಡೆಗಳಲ್ಲಿ ಅದರ ಸಂಕೇತವನ್ನು ಮಾತ್ರ ನಮೂದಿಸುವುದು ಇದರ ಮೂಲತತ್ತ್ವ. ದತ್ತಾಂಶಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ವಿಂಗಡಿಸುವ ಈ ಸಿದ್ಧಾಂತವನ್ನು ಇ. ಎಫ್. ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದರು. ಹಸ್ತಪ್ರತಿಗಳ ವಿಷಯದಲ್ಲಿ ಹೇಳುವುದಾದರೆ, ಪ್ರತಿಗಳ ಕೋಷ್ಟಕವು ಒಂದು, ಕೃತಿಗಳ ಕೋಷ್ಟಕವು ಇನ್ನೊಂದು, ಕರ್ತೃಗಳದು ಮತ್ತೊಂದು. ಪ್ರತಿಗಳ ಕೋಷ್ಟಕದಲ್ಲಿ ಕಟ್ಟಿನ ಸಂಖ್ಯೆ, ಗರಿಗಳ ಸಂಖ್ಯೆ, ಲಿಪಿ, ಅವಸ್ಥೆ, ಪುಷ್ಪಿಕೆಯ ಪಾಠ ಮುಂತಾದುವು ಇರುತ್ತವೆ. ಕೃತಿಯ ಸಂಕೇತವನ್ನು ಅನುಸರಿಸಿ ಗಣಕವು ಎರಡನೆಯ ಕೋಷ್ಟಕದಿಂದ ಬೇಕಾದ ವಿವರವನ್ನು ತರುತ್ತದೆ. ಹೀಗೆ ವಿವರವನ್ನು ಒದಗಿಸುವ ಕೋಷ್ಟಕವನ್ನು ಇಲ್ಲಿ ‘ಆಧಾರಕೋಷ್ಟಕ’ವೆಂದು ಕರೆಯಲಾಗಿದೆ.

ಎಕ್ಸೆಲ್ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ ಇದಕ್ಕೆ ಹಲವು ಸಾಧನಗಳಿವೆ. ವಿಲುಕಪ್ ಎಂಬ ಹಳೆಯ ಸೂತ್ರವು ಸಮಾನವಾದ ಪದವು ಮೊದಲು ಎಲ್ಲಿ ದೊರೆಯುವುದೋ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ಇದೆಯೇ ಎಂದು ವಿಚಾರಿಸುವುದಿಲ್ಲ. ಅದರ ಕೊನೆಯ ಅಂಗವನ್ನು ಬಿಟ್ಟು ಬರೆದಲ್ಲಿ, ಸಮಾನವಾದುದು ದೊರೆಯದಿದ್ದರೂ ಸಮೀಪದ ಬೆಲೆಯೊಂದನ್ನು ತಂದಿಡುತ್ತದೆ. ಆದುದರಿಂದ ಸೂಚಿಯ ಕಾರ್ಯಕ್ಕೆ ಪವರ್ ಕ್ವೆರಿ ಎಂಬ ಅಂಗದಲ್ಲಿರುವ ‘ಮರ್ಜ್’ ಕ್ರಿಯೆಯು ಹೆಚ್ಚು ಉಚಿತವಾದುದು. ಇದರಲ್ಲಿ ‘ಲೆಫ್ಟ್ ಔಟರ್’ ಎಂಬ ಬಗೆಯನ್ನು ಆರಿಸಿದರೆ ಮೊದಲನೆಯ ಕೋಷ್ಟಕದ ಎಲ್ಲ ಸಾಲುಗಳೂ ಉಳಿದು, ಹೊಂದುವ ವಿವರಗಳು ಮಾತ್ರ ಪಕ್ಕದಲ್ಲಿ ಸೇರುತ್ತವೆ. ಹೊಂದದ ಕಡೆ ಸ್ಥಳವು ಬರಿದಾಗಿರುತ್ತದೆ. ‘ಇನ್ನರ್’ ಎಂಬ ಬಗೆಯನ್ನು ಆರಿಸಿದರೆ ಹೊಂದದ ಪ್ರತಿಗಳು ಫಲಿತಾಂಶದಿಂದಲೇ ಬಿಟ್ಟುಹೋಗುತ್ತವೆ. ಸೂಚಿಯಿಂದ ಬಿಟ್ಟುಹೋದ ಪ್ರತಿಯು ಇದ್ದೂ ಇಲ್ಲದಂತೆ. ಅಜ್ಞಾತಕೃತಿಯೊಂದರ ಏಕೈಕ ಪ್ರತಿಯೇ ಹೀಗೆ ಮರೆಯಾಗುವ ಸಂಭವವುಂಟು. ಏಕೆಂದರೆ ಅಜ್ಞಾತವಾದುದು ಯಾವ ಆಧಾರಕೋಷ್ಟಕದಲ್ಲಿಯೂ ಇರಲಾರದು.

2. ನಾಮಸಾಮ್ಯದ ತೊಡಕು

ಆಧಾರಕೋಷ್ಟಕದಲ್ಲಿ ಒಂದು ಕೀಲಿಗೆ ಒಂದೇ ಸಾಲು ಇರಬೇಕೆಂಬುದು ಪ್ರಥಮ ನಿಯಮ. ಕೃತಿಯ ಹೆಸರನ್ನೇ ಕೀಲಿಯನ್ನಾಗಿ ಮಾಡಿಕೊಂಡರೆ ಈ ನಿಯಮವು ಜೈನ ವಾಙ್ಮಯದಲ್ಲಿ ಒಡನೆಯೇ ಭಂಗವಾಗುತ್ತದೆ. ‘ನೇಮಿನಾಥಪುರಾಣ’ವೆಂಬ ಹೆಸರಿನಲ್ಲಿ ಕರ್ಣಪಾರ್ಯ, ನೇಮಿಚಂದ್ರ, ಮಹಾಬಲ ಈ ಮೂವರೂ ಕನ್ನಡದಲ್ಲಿ ಕಾವ್ಯಗಳನ್ನು ರಚಿಸಿದ್ದಾರೆ. ನೇಮಿಚಂದ್ರನ ಕೃತಿಯು ಅಪೂರ್ಣವಾದುದರಿಂದ ‘ಅರ್ಧನೇಮಿ’ ಎಂದೂ ಪ್ರಸಿದ್ಧವಾಗಿದೆ. ‘ಆದಿಪುರಾಣ’ವೆಂದರೆ ಜಿನಸೇನಾಚಾರ್ಯರ ಸಂಸ್ಕೃತಕೃತಿಯೂ ಆಗಬಹುದು, ಪಂಪನ ಕನ್ನಡಕೃತಿಯೂ ಆಗಬಹುದು. ಭಂಡಾರದ ಪಟ್ಟಿಯಲ್ಲಿ ‘ನೇಮಿನಾಥಪುರಾಣ, ಗರಿ 120’ ಎಂದಷ್ಟೇ ಇದೆಯೆಂದಿಟ್ಟುಕೊಂಡರೆ, ಮರ್ಜ್ ಕ್ರಿಯೆಯಿಂದ ಆ ಒಂದು ಪ್ರತಿಯು ಮೂರು ಸಾಲುಗಳಾಗಿ ಹಿಗ್ಗುತ್ತದೆ. ವಿಲುಕಪ್ ಸೂತ್ರವಾದರೋ ಮೊದಲಿನ ಕರ್ತೃವನ್ನು ಮಾತ್ರ ತೋರಿಸಿ ಮಿಕ್ಕಿಬ್ಬರನ್ನು ಮರೆಮಾಡುತ್ತದೆ. ಮೊದಲನೆಯ ದೋಷವು ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲವಾದುದರಿಂದ ಹೆಚ್ಚು ಅಪಾಯಕರ.

ಕರ್ತೃನಾಮಗಳಲ್ಲಿಯೂ ಇದೇ ಸ್ಥಿತಿ. ಗೊಮ್ಮಟಸಾರದ ಕರ್ತೃಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದವರು. ಲೀಲಾವತಿಯನ್ನು ರಚಿಸಿದ ಕವಿ ನೇಮಿಚಂದ್ರನು ಹನ್ನೆರಡನೆಯ ಶತಮಾನದವನು. ದ್ರವ್ಯಸಂಗ್ರಹದ ಕರ್ತೃವಾದ ನೇಮಿಚಂದ್ರರು ಸಿದ್ಧಾಂತಚಕ್ರವರ್ತಿಗಳಿಂದ ಭಿನ್ನರೆಂದು ವಿದ್ವಾಂಸರು ವಾದಿಸಿದ್ದಾರೆ. ‘ನೇಮಿಚಂದ್ರ’ ಎಂಬ ಪದಮಾತ್ರವನ್ನು ಕೀಲಿಯಾಗಿರಿಸಿದರೆ ಈ ಭೇದವೆಲ್ಲವೂ ಅಳಿಸಿಹೋಗುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಒಂದೇ ಕೃತಿಗೆ ಅನೇಕ ನಾಮಗಳಿರುತ್ತವೆ. ‘ಚಾವುಂಡರಾಯಪುರಾಣ’ವೂ ‘ತ್ರಿಷಷ್ಟಿಲಕ್ಷಣಮಹಾಪುರಾಣ’ವೂ ಒಂದೇ, ‘ತತ್ತ್ವಾರ್ಥಸೂತ್ರ’ಕ್ಕೆ ‘ಮೋಕ್ಷಶಾಸ್ತ್ರ’ವೆಂದೂ, ‘ರಾಮಚಂದ್ರಚರಿತಪುರಾಣ’ಕ್ಕೆ ‘ಪಂಪರಾಮಾಯಣ’ವೆಂದೂ ಹೆಸರುಂಟು. ಆದುದರಿಂದ ಕೃತಿಗೊಂದು ಅರ್ಥರಹಿತವಾದ ಸಂಖ್ಯಾಸಂಕೇತವನ್ನು ಕೊಟ್ಟು, ನಾಮಾಂತರಗಳಿಗಾಗಿಯೇ ಪ್ರತ್ಯೇಕ ಕೋಷ್ಟಕವನ್ನು ರಚಿಸಿ, ಪ್ರತಿಯೊಂದು ನಾಮಾಂತರದ ಎದುರಿಗೂ ಆ ಸಂಕೇತವನ್ನು ಬರೆಯುವುದು ಸರಿಯಾದ ಮಾರ್ಗ. ಒಂದು ನಾಮವು ಎರಡು ಸಂಕೇತಗಳಿಗೆ ಸಲ್ಲುವುದಾದರೆ ಅದನ್ನು ‘ಸಂದಿಗ್ಧ’ವೆಂದು ಗುರುತಿಸಿ, ಆ ಪ್ರತಿಗಳನ್ನು ಗಣಕದ ನಿರ್ಣಯಕ್ಕೆ ಬಿಡದೆ ಪ್ರಾರಂಭಪದ್ಯ ಮತ್ತು ಪುಷ್ಪಿಕೆಗಳ ಪರಿಶೀಲನೆಗೆ ಪ್ರತ್ಯೇಕಿಸಬೇಕು.

ಕರ್ತೃಗಳು ಇಬ್ಬರಿರುವ ಕೃತಿಗಳೂ ಗಮನಾರ್ಹ. ಜಯಧವಲಟೀಕೆಯನ್ನು ವೀರಸೇನಾಚಾರ್ಯರು ಆರಂಭಿಸಿ ಜಿನಸೇನಾಚಾರ್ಯರು ಪೂರ್ಣಗೊಳಿಸಿದರು. ಜಿನಸೇನರ ಮಹಾಪುರಾಣವನ್ನು ಗುಣಭದ್ರಾಚಾರ್ಯರು ಮುಗಿಸಿದರು. ಇಂತಹ ಕಡೆ ಕೃತಿಯ ಸಂಕೇತ, ಕರ್ತೃವಿನ ಸಂಕೇತ, ಕರ್ತೃವಿನ ಪಾತ್ರ ಎಂಬ ಮೂರು ಅಂಕಣಗಳುಳ್ಳ ಸೇತುಕೋಷ್ಟಕವೊಂದು ಅವಶ್ಯ. ಅನೇಕ ಕೃತಿಗಳನ್ನು ಒಳಗೊಂಡ ಓಲೆಯ ಕಟ್ಟಿಗೂ ಇದೇ ಕ್ರಮವು ಅನ್ವಯಿಸುತ್ತದೆ.

3. ಲೇಖನರೂಪದ ಭೇದಗಳು

ಗಣಕವು ಅಕ್ಷರವನ್ನು ಕಣ್ಣಿನಿಂದ ಓದುವುದಿಲ್ಲ. ಅದರ ಸಂಕೇತಾಂಕವನ್ನು ಮಾತ್ರ ಹೋಲಿಸುತ್ತದೆ. ‘ಧರ್ಮ’ ಮತ್ತು ‘ಧರ್ಮ್ಮ’, ‘ಪಂಪ’ ಮತ್ತು ‘ಪಮ್ಪ’, ‘ಆಚಾರ್ಯ’ ಮತ್ತು ‘ಆಚಾರ್ಯ್ಯ’ ಇವು ಪಂಡಿತರಿಗೆ ಅಭಿನ್ನವಾದರೂ ಗಣಕಕ್ಕೆ ಭಿನ್ನ. ಱ, ೞ ಎಂಬ ಪ್ರಾಚೀನಾಕ್ಷರಗಳನ್ನು ಒಬ್ಬರು ಉಳಿಸಿಕೊಂಡು ಇನ್ನೊಬ್ಬರು ರ, ಳ ಎಂದು ಬರೆದಿದ್ದಲ್ಲಿ ಆಗಲೂ ಹೊಂದಿಕೆ ತಪ್ಪುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಭೇದವೊಂದುಂಟು. ‘ಗೊಮ್ಮಟಸಾರ’ದ ಮೊದಲಕ್ಷರದಲ್ಲಿರುವ ಒಕಾರಚಿಹ್ನೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಚಿಹ್ನೆಗಳ ಸಂಯೋಗವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಆಗಿ ತೋರುತ್ತವೆ. ಹೋಲಿಕೆಯಲ್ಲಿ ಮಾತ್ರ ಬೇರೆಯಾಗುತ್ತವೆ. ಅರ್ಧಾಕ್ಷರವನ್ನು ಬಿಡಿಸಿ ತೋರಿಸುವುದಕ್ಕಾಗಿ ಸೇರಿಸುವ ಅದೃಶ್ಯಚಿಹ್ನೆಯೂ, ಪದದ ಕೊನೆಯಲ್ಲಿ ಉಳಿದ ಬರಿದಾದ ಎಡೆಯೂ ಇದೇ ಬಗೆಯ ವಿಘ್ನಗಳು.

ಇದಕ್ಕೆ ಪರಿಹಾರವೆಂದರೆ ಮೂಲಪಾಠವನ್ನು ತಿದ್ದುವುದಲ್ಲ. ಮೂಲಪಾಠದ ಅಂಕಣವನ್ನು ಇದ್ದಂತೆಯೇ ಇರಿಸಿ, ಹೋಲಿಕೆಗಾಗಿಯೇ ‘ತುಲನಾರೂಪ’ವೆಂಬ ಬೇರೊಂದು ಅಂಕಣವನ್ನು ನಿರ್ಮಿಸಬೇಕು. ರೇಫದ ಪರದಲ್ಲಿರುವ ದ್ವಿತ್ವವನ್ನು ಕಳೆಯುವುದು, ವರ್ಗಾನುನಾಸಿಕವನ್ನು ಅನುಸ್ವಾರವಾಗಿಸುವುದು, ಪ್ರಾಚೀನಾಕ್ಷರಗಳನ್ನು ಏಕರೂಪಗೊಳಿಸುವುದು ಮುಂತಾದ ಪರಿವರ್ತನೆಗಳು ಈ ಅಂಕಣಕ್ಕೆ ಮಾತ್ರ ಸೀಮಿತವಾಗಬೇಕು. ಲಿಪಿಕಾರನ ಬರವಣಿಗೆಯ ರೀತಿಯು ಪ್ರತಿಯ ದೇಶಕಾಲಗಳನ್ನು ಸೂಚಿಸುವ ಸಾಕ್ಷ್ಯವಾಗಿರುವುದರಿಂದ ಅದನ್ನು ಅಳಿಸುವ ಅಧಿಕಾರವು ಸೂಚಿಕಾರನಿಗಿಲ್ಲ.

ಪವರ್ ಕ್ವೆರಿಯಲ್ಲಿ ‘ಫಜ್ಜಿ’ ಎಂಬ ಹೆಸರಿನ ಸಾದೃಶ್ಯಹೋಲಿಕೆಯ ಸೌಕರ್ಯವೂ ಇದೆ. ಪೂರ್ಣ ಸಮಾನತೆಗೆ 1 ಎಂಬ ಬೆಲೆಯಿರುವಲ್ಲಿ, ಬೇರೆ ಸೂಚನೆಯನ್ನು ಕೊಡದಿದ್ದರೆ 0.80ರಷ್ಟು ಸಾದೃಶ್ಯವಿದ್ದರೆ ಸಾಕೆಂದು ಅದು ಭಾವಿಸುತ್ತದೆ. ಆದರೆ ಅಕ್ಷರಸಾದೃಶ್ಯವು ಅರ್ಥಸಾದೃಶ್ಯವಲ್ಲ. ಧವಲ, ಜಯಧವಲ, ಮಹಾಧವಲ ಈ ನಾಮಗಳು ಪರಸ್ಪರ ಸಮೀಪವರ್ತಿಗಳು. ಧವಲವು ಷಟ್ಖಂಡಾಗಮದ ಟೀಕೆ. ಜಯಧವಲವು ಗುಣಧರಾಚಾರ್ಯರ ಕಷಾಯಪ್ರಾಭೃತದ ಟೀಕೆ. ಮಹಾಧವಲವೆಂದು ಪ್ರಸಿದ್ಧವಾದುದು ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧ. ಮೂಡಬಿದಿರೆಯ ಸಿದ್ಧಾಂತಬಸದಿಯ ಓಲೆಪ್ರತಿಗಳಿಂದಲೇ ಲೋಕಕ್ಕೆ ಲಭಿಸಿದ ಈ ಗ್ರಂಥಗಳನ್ನು ಒಂದಾಗಿ ಬೆರೆಸುವುದು ಸಾಮಾನ್ಯ ಪ್ರಮಾದವಲ್ಲ. ಸಾದೃಶ್ಯಹೋಲಿಕೆಯನ್ನು ಸಲಹೆಯಾಗಿ ಸ್ವೀಕರಿಸಬಹುದೇ ಹೊರತು ನಿರ್ಣಯವಾಗಿ ಅಲ್ಲ.

4. ಸಂವತ್ಸರಕೋಷ್ಟಕ

ಆಧಾರಕೋಷ್ಟಕಗಳಲ್ಲಿ ಅತ್ಯಂತ ಫಲಪ್ರದವಾದುದು ಅರವತ್ತು ಸಂವತ್ಸರಗಳ ಕೋಷ್ಟಕ. ದಕ್ಷಿಣದ ಗಣನೆಯಲ್ಲಿ ಗತಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿ ಕ್ರಮಸಂಖ್ಯೆ; ಶೇಷವು ಸೊನ್ನೆಯಾದರೆ ಅಕ್ಷಯ. ಪಂಪನ ಆದಿಪುರಾಣದ ಶಕ 863ಕ್ಕೆ 12ನ್ನು ಕೂಡಿಸಿದರೆ 875, ಶೇಷ 35, ಅದು ಪ್ಲವ. ಕವಿಯು ಹೇಳುವುದೂ ಪ್ಲವವೇ, ಕ್ರಿಸ್ತಶಕ 941. ರನ್ನನ ಅಜಿತಪುರಾಣದ ಶಕ 915ಕ್ಕೆ ಶೇಷ 27, ವಿಜಯ; ಜನ್ನನ ಯಶೋಧರಚರಿತೆಯ ಶಕ 1131ಕ್ಕೆ ಶೇಷ 3, ಶುಕ್ಲ. ಇವೆಲ್ಲವೂ ಗ್ರಂಥೋಕ್ತಿಗೆ ಸರಿಹೊಂದುತ್ತವೆ.

ಚಾವುಂಡರಾಯಪುರಾಣದ ಶಕ 900 ಈಶ್ವರ ಸಂವತ್ಸರವನ್ನು ಇದೇ ರೀತಿ ಪರೀಕ್ಷಿಸಿದರೆ ಶೇಷ 12 ಬಂದು ಬಹುಧಾನ್ಯವಾಗುತ್ತದೆ, ಈಶ್ವರವು 11ನೆಯದು. ಇದರಿಂದ ಇಲ್ಲಿಯ 900 ಗತವರ್ಷವಲ್ಲ, ವರ್ತಮಾನವರ್ಷವೆಂದು ತಿಳಿಯುತ್ತದೆ. ಕಾಲವು ಕ್ರಿಸ್ತಶಕ 977–78 ಆಗುತ್ತದೆ. ಶಕಸಂಖ್ಯೆಯೊಂದನ್ನೇ ನಂಬಿ 78ನ್ನು ಕೂಡಿಸುತ್ತ ಹೋಗುವ ಸೂಚಿಗೆ ಈ ಭೇದವು ಗೋಚರಿಸದು. ಆದುದರಿಂದ ಸಂವತ್ಸರವನ್ನು ಲೆಕ್ಕದಿಂದ ತಂದು ಪುಷ್ಪಿಕೆಯ ಸಂವತ್ಸರದ ಮೇಲೆ ಹೇರಬಾರದು. ಎರಡನ್ನೂ ಪಕ್ಕಪಕ್ಕದ ಅಂಕಣಗಳಲ್ಲಿಟ್ಟು ಹೋಲಿಸಬೇಕು. ಭೇದವಿರುವ ಸಾಲುಗಳೇ ವಿಚಾರಯೋಗ್ಯವಾದುವು. ಶಕಸಂಖ್ಯೆಯಿಲ್ಲದೆ ಸಂವತ್ಸರನಾಮ ಮಾತ್ರವಿರುವ ಪ್ರತಿಗಳಿಗೆ ಅರವತ್ತು ವರ್ಷಗಳಿಗೊಮ್ಮೆ ಒಂದರಂತೆ ಹಲವು ಉತ್ತರಗಳು ಬರುವುದರಿಂದ, ತಿಥಿವಾರನಕ್ಷತ್ರಗಳಿಂದಲೂ ಲಿಪಿಯಿಂದಲೂ ನಿರ್ಧಾರವಾಗುವವರೆಗೆ ಎಲ್ಲವನ್ನೂ ಉಳಿಸಿಕೊಳ್ಳತಕ್ಕದ್ದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕೃತಿಕೋಷ್ಟಕದಿಂದ ಬರುವ ಕಾಲವು ರಚನಾಕಾಲ. ಪ್ರತಿಯ ಕಾಲವು ಲೇಖನಕಾಲ. ಇವೆರಡಕ್ಕೂ ‘ಕಾಲ’ವೆಂಬ ಒಂದೇ ಅಂಕಣವಿದ್ದರೆ, ತಿಥಿಯಿಲ್ಲದ ಆದಿಪುರಾಣದ ಪ್ರತಿಯೊಂದು 941ರ ಓಲೆಯಾಗಿ ಪರಿಣಮಿಸುತ್ತದೆ. ಹಿಂದಿನ ಪ್ರತಿಯ ಪುಷ್ಪಿಕೆಯನ್ನು ಲಿಪಿಕಾರನು ಹಾಗೆಯೇ ನಕಲು ಮಾಡುವ ಪದ್ಧತಿಯೂ ಇದ್ದುದರಿಂದ, ಪುಷ್ಪಿಕೋಕ್ತಕಾಲಕ್ಕೂ ಬೇರೆ ಅಂಕಣವಿರುವುದು ಕ್ಷೇಮ.

5. ಪಾಲಿಸಬೇಕಾದ ಕ್ರಮ

ಮೇಲಿನ ವಿಚಾರಗಳಿಂದ ಕೆಲವು ನಿಯಮಗಳು ಸಿದ್ಧಿಸುತ್ತವೆ. ಮರ್ಜ್ ಮಾಡುವ ಮೊದಲು ಆಧಾರಕೋಷ್ಟಕದ ಕೀಲಿಗಳಲ್ಲಿ ಪುನರುಕ್ತಿಯಿಲ್ಲವೆಂದು ಪರೀಕ್ಷಿಸಬೇಕು. ಕ್ರಿಯೆಯ ಮೊದಲೂ ಅನಂತರವೂ ಸಾಲುಗಳನ್ನು ಎಣಿಸಬೇಕು. ಸಂಖ್ಯೆಯು ಹೆಚ್ಚಿದ್ದರೆ ಪುನರುಕ್ತಿಯುಂಟು, ಕಡಿಮೆಯಾಗಿದ್ದರೆ ಲೋಪವುಂಟು. ‘ಲೆಫ್ಟ್ ಆ್ಯಂಟಿ’ ಎಂಬ ಬಗೆಯಿಂದ ಹೊಂದದ ಸಾಲುಗಳನ್ನು ಪ್ರತ್ಯೇಕ ಪಟ್ಟಿಯಾಗಿ ತೆಗೆಯಬೇಕು. ಹೊರಗಿನಿಂದ ತಂದ ಪ್ರತಿಯೊಂದು ವಿವರಕ್ಕೂ ಅದು ಯಾವ ಆಧಾರದಿಂದ ಬಂದಿತು, ಯಾವ ದಿನ ಸೇರಿತು ಎಂಬುದನ್ನು ಬರೆದಿಡಬೇಕು. ಆಧಾರಕೋಷ್ಟಕದ ಒಂದು ಸಾಲಿನಲ್ಲಿ ತಪ್ಪಾದರೆ ಆ ಕೃತಿಯ ಎಲ್ಲ ಪ್ರತಿಗಳಿಗೂ ಏಕಕಾಲದಲ್ಲಿ ಅದು ವ್ಯಾಪಿಸುತ್ತದೆ. ತಿದ್ದುಪಡಿಯೂ ಹಾಗೆಯೇ ಒಂದೆಡೆ ಮಾಡಿದರೆ ಎಲ್ಲೆಡೆಗೂ ಸಲ್ಲುತ್ತದೆ.

ಹೊಂದದೆ ಉಳಿದ ಸಾಲುಗಳ ಪಟ್ಟಿಯನ್ನು ಕಾರ್ಯದ ನ್ಯೂನತೆಯೆಂದು ಎಣಿಸಬೇಕಾಗಿಲ್ಲ. ಹೊಸ ನಾಮಾಂತರ, ಅಪರಿಚಿತ ಕವಿ, ಇದುವರೆಗೆ ಬೆಳಕಿಗೆ ಬಾರದ ಟೀಕೆ ಇವುಗಳಿರುವುದಾದರೆ ಆ ಪಟ್ಟಿಯಲ್ಲಿಯೇ ಇರುತ್ತವೆ. ಪಂಡಿತರು ಓಲೆಯನ್ನು ಕೈಗೆತ್ತಿಕೊಂಡು ಮೊದಲು ಓದಬೇಕಾದುದು ಅಲ್ಲಿ ನಮೂದಾದ ಕಟ್ಟುಗಳನ್ನೇ.