ಗುಮ್ಮ ಕಲಿಸುವುದು ಹೆದರಿಕೆಯನ್ನಷ್ಟೇ

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಕೂಸು ನೋಡಿಕೊಳ್ಳುವ ಕೆಲಸ ತಾಯಿಯೊಬ್ಬಳ ಮೇಲೆಯೇ ಬೀಳುವುದು ಕಡಿಮೆ. ಎರಿ ಹೊಲದಲ್ಲಿ ಹೆಸರುಕಾಯಿ ಬಿಡಿಸುವ, ಹತ್ತಿ ಬಿಡಿಸುವ, ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋದ ಅವ್ವಂದಿರು ಮರಳುವುದು ಹೊತ್ತು ಮುಳುಗುವಾಗ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ತಾಯಿ ಮನೆಯಲ್ಲೇ ಇದ್ದರೂ ಕೈ ಮಗ್ಗದ ಮೇಲಿರುತ್ತದೆ. ಆಗ ಕೂಸು ಆಯಿಯ ಮಡಿಲಲ್ಲೋ, ಅಕ್ಕನ ಬಗಲಲ್ಲೋ, ಅಂಗನವಾಡಿಯಲ್ಲೋ, 2023ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಇರುವ ಊರಾದರೆ ಅಲ್ಲಿಯೋ ಬೆಳೆಯುತ್ತದೆ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನಿಲ್ಲಿಸಿ ಕೂಲಿ ಕೊಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಹೇಳಿತ್ತು. ಕೂಸು ನೋಡುವುದೂ ದುಡಿಮೆಯೇ ಎಂಬುದು ಕಾಯ್ದೆಗೆ ತಿಳಿದಷ್ಟು ಊರಿಗೆ ತಿಳಿದಿಲ್ಲ.

ಈ ಕೆಲಸಕ್ಕೆ ಅಂಟಿಕೊಂಡ ನಂಬಿಕೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಹೆದರಿಸಿದರೆ ಮಕ್ಕಳಿಗೆ ಬುದ್ಧಿ ಬರುತ್ತದೆ ಎಂಬುದು. “ಉಣ್ಣು, ಇಲ್ಲಾಂದ್ರ ಗುಮ್ಮ ಬರ್ತಾನ”, “ಅಳಬ್ಯಾಡ, ಪೊಲೀಸ್ರಿಗೆ ಹಿಡದು ಕೊಡ್ತೇನಿ”, “ಸುಮ್ಮ ಕುಂದರು, ಸೂಜಿ ಮಾಡಸ್ತೇನಿ”. ಈ ಮೂರರಲ್ಲಿ ಒಂದನ್ನೂ ಕೇಳದೆ ದೊಡ್ಡವರಾದವರು ಈ ಸೀಮೆಯಲ್ಲಿ ಸಿಗುವುದು ಕಷ್ಟ.

ಮಗು ಸುಮ್ಮನಾಗುವುದು ನಿಜ. ನಂಬಿಕೆ ಬದುಕಿರುವುದೂ ಅದರಿಂದಲೇ. ಆದರೆ ಸುಮ್ಮನಾದ ಮಗು ಸಮಾಧಾನಗೊಂಡಿದೆ ಎಂದು ತಿಳಿಯುವುದು ಶುದ್ಧ ತಪ್ಪು. ಅವ್ವ ಹೋದಳೆಂಬ ಸಂಕಟ, ಹಸಿವು, ನಿದ್ದೆಯ ಕಿರಿಕಿರಿ, ಅಳುವಿಗೆ ಕಾರಣ ಯಾವುದೇ ಇರಲಿ, ಅದು ಇದ್ದಲ್ಲೇ ಇದ್ದು ಮೇಲೊಂದು ಹೆದರಿಕೆ ಸೇರಿಕೊಂಡಿರುತ್ತದೆ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಕಲ್ಪನೆಗೂ ನಿಜಕ್ಕೂ ನಡುವಿನ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಗಲು ತುತ್ತು ನುಂಗಿಸಲು ಕರೆದ ಗುಮ್ಮ ರಾತ್ರಿ ದೀಪ ಆರಿದ ಮೇಲೆ ತಾನಾಗಿಯೇ ಬರುತ್ತಾನೆ, ಆಗ ಅವನನ್ನು ಹೊರಗಟ್ಟಲು ಹೆದರಿಸಿದವರಿಂದಲೂ ಆಗುವುದಿಲ್ಲ.

ತನ್ನೊಳಗೆ ಏಳುವ ಭಾವವನ್ನು ಗುರುತಿಸುವುದು, ಅದನ್ನು ಹೇಳಿಕೊಳ್ಳುವುದು, ಸಹಿಸುವುದು, ಎದುರಿನವರ ಮುಖ ಓದುವುದು: ಈ ಸಾಮರ್ಥ್ಯವನ್ನು ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಎಂದು ವಿವರಿಸಿದರು. ಇದರ ಮೊದಲ ಪಾಠ ಕೂಸಿಗೆ ಸಿಗುವುದು ನೋಡಿಕೊಳ್ಳುವವರ ಮುಖದಿಂದ. ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಕೂಸಿನೊಡನೆ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖವನ್ನು ಅಲುಗದಂತೆ ಹಿಡಿಯುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಯಾವುದೂ ನಡೆಯದಿದ್ದಾಗ ಕಂಗೆಟ್ಟು ಮುಖ ತಿರುಗಿಸುತ್ತದೆ. ಕೆಲವೇ ತಿಂಗಳ ಕೂಸಿಗೂ ಎದುರಿನ ಮುಖ ಅಷ್ಟು ಮುಖ್ಯ. ದಿನವಿಡೀ ಎದುರಿಗಿರುವುದು ಆಯಿಯ ಮುಖವಾದರೆ ಆ ಪಾಠ ಹೇಳುವವಳು ಆಯಿ, ಅಂಗನವಾಡಿಯ ಅಕ್ಕೋರಾದರೆ ಅಕ್ಕೋರು.

ಮಾಡಬೇಕಾದದ್ದು ಬಹಳವೇನಿಲ್ಲ. “ಅವ್ವ ಹ್ವಾದ್ಲಂತ ಬ್ಯಾಸರಾತೇನು? ಸಂಜಿಗೆ ಬರ್ತಾಳ” ಎಂಬ ಮಾತಿನಲ್ಲಿ ಭಾವಕ್ಕೆ ಹೆಸರೂ ಇದೆ, ನಿಜವೂ ಇದೆ. ಇಷ್ಟು ಹೇಳಿದ ಮೇಲೂ ಮಗು ಸ್ವಲ್ಪ ಹೊತ್ತು ಅಳುತ್ತದೆ. ಅಳಲಿ, ಪಕ್ಕದಲ್ಲಿ ಕುಳಿತಿದ್ದರಾಯಿತು. ದೊಡ್ಡವರಿಗೆ ಆಗದಿರುವುದು ಇದೊಂದೇ. ಮಗುವಿನ ಕಣ್ಣು ತಪ್ಪಿಸಿ ತಾಯಿ ಹೊರಟುಬಿಡುವುದೂ ಇದೇ ಜಾತಿಯ ಜಾಣತನ: ಮರುದಿನದಿಂದ ಮಗು ಸೆರಗು ಬಿಡುವುದಿಲ್ಲ.

ಸೂಜಿಯ ಬೆದರಿಕೆಯಂತೂ ನೇರವಾಗಿ ತಿರುಗಿ ಬೀಳುತ್ತದೆ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುವಿನ ಬೂಸ್ಟರ್ ಲಸಿಕೆ ಇರುವುದು 16ರಿಂದ 24 ತಿಂಗಳ ನಡುವೆ, ಮತ್ತೆ 5-6 ವರ್ಷಕ್ಕೆ. ಹಳ್ಳಿಗಳಲ್ಲಿ ಅದನ್ನು ಹಾಕುವುದೂ ಎಷ್ಟೋ ಸಲ ಅಂಗನವಾಡಿಯಲ್ಲೇ. ವರ್ಷಗಟ್ಟಲೆ ಸೂಜಿಯನ್ನು ಶಿಕ್ಷೆಯೆಂದು ಹೇಳಿದವರೇ ಆ ದಿನ ಮಗುವನ್ನು ಅಮುಕಿ ಹಿಡಿದು “ಏನೂ ಆಗೂದಿಲ್ಲ” ಎನ್ನುತ್ತಾರೆ. ಪೊಲೀಸರ ಮಾತೂ ಹಾಗೆಯೇ: ಕಾಲಕಾಲೇಶ್ವರನ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಖಾಕಿ ಕಂಡೊಡನೆ ಓಡಿದರೆ ತಪ್ಪು ಯಾರದು?

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಗಂಡು ಹುಡುಗ ಅಳಬಾರದು ಎಂದರೆ ಅವನು ದುಃಖವನ್ನೆಲ್ಲ ಸಿಟ್ಟಾಗಿಯೇ ತೋರಿಸಲು ಕಲಿಯುತ್ತಾನೆ, ಅಷ್ಟೆ. ಮಗು ಬಿದ್ದಾಗ ನೆಲಕ್ಕೆ ಹೊಡೆದು ಸಮಾಧಾನ ಮಾಡುವುದು, ನೋವಾದಾಗಲೆಲ್ಲ ಬಡಿಯಲು ಒಬ್ಬರನ್ನು ಹುಡುಕಬೇಕೆಂದು ಹೇಳಿಕೊಡುತ್ತದೆ. ಅತ್ತರೆ ಮೊಬೈಲ್ ಕೊಡುವವರು, ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದ್ದನ್ನು ಗಮನಿಸಬಹುದು. ದೃಷ್ಟಿ ತೆಗೆದಾಗ ಮಗು ಸುಮ್ಮನಾದರೆ ಅದರ ಯಶಸ್ಸು ಬಹುಶಃ ಆ ಐದು ನಿಮಿಷ ಯಾರೋ ಎತ್ತಿಕೊಂಡು ಅದನ್ನೇ ನೋಡುತ್ತಿದ್ದುದಕ್ಕೆ ಸಲ್ಲಬೇಕು. ಕಿವಿನೋವಾಗಿದ್ದರೆ ಮಾತ್ರ ಉಪ್ಪು-ಮೆಣಸಿನಕಾಯಿಯಿಂದ ಏನೂ ಆಗದು.

ಇದನ್ನೆಲ್ಲ ಹೇಳಿದರೆ ಬರುವ ಉತ್ತರ ಒಂದೇ: “ನಾವೂ ಹಂಗ ಬೆಳದೇವಿ, ನಮಗೇನಾಗೇತಿ?” ಕೂಸಿನ ಹೊಟ್ಟೆಗೆ ಬರೆ ಹಾಕುವವರೂ ಇದೇ ಮಾತು ಹೇಳುತ್ತಾರೆ. ಬದುಕುಳಿದವರು ಮಾತ್ರ ಹೇಳಬಹುದಾದ ವಾದವಿದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅದೇ ಜನ ಮಿದುಳು ಚುರುಕಾಗಿಸುವ ಪುಡಿಯ ಸಂದೇಶ ವಾಟ್ಸ್ಯಾಪಿನಲ್ಲಿ ಬಂದರೆ ಹಿಂದುಮುಂದು ನೋಡದೆ ನಾಲ್ಕು ಮಂದಿಗೆ ಕಳಿಸುತ್ತಾರೆ.

ಈಗಾಗಲೇ ಗುಮ್ಮನಿಗೆ ಹೆದರಿರುವ ಮಗುವಿಗೆ “ಹೆದರಬ್ಯಾಡ” ಎಂದರೆ ಸಾಲದು. ಹೆದರಿಸಿದವರೇ “ಗುಮ್ಮ ಇಲ್ಲ, ನಾನs ಸುಳ್ಳು ಹೇಳಿದ್ದೆ” ಎಂದು ಬಾಯಿಬಿಟ್ಟು ಹೇಳಿ, ಅದು ಒಪ್ಪಿದಾಗ ಕೈಹಿಡಿದು ಆ ಕತ್ತಲ ಮೂಲೆಗೆ ಕರೆದೊಯ್ದು ತೋರಿಸಬೇಕು. ಒಂದೇ ಸಲಕ್ಕೆ ಹೋಗುವ ಹೆದರಿಕೆಯಲ್ಲ ಅದು, ಹಲವು ಸಂಜೆ ಹೀಗೆ ಮಾಡಬೇಕಾಗುತ್ತದೆ.