ಹೃದಯದ ತಾಳವನ್ನು ಯಂತ್ರಕ್ಕೆ ಒಪ್ಪಿಸುವ ಚಿಕಿತ್ಸೆ

ಆರೋಗ್ಯವಂತರ ಹೃದಯವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುವುದು. ಈ ತಾಳವು ಹುಟ್ಟುವುದು ಬಲಭಾಗದ ಮೇಲಣ ಕೋಣೆಯಲ್ಲಿ. ಅಲ್ಲಿಂದ ಹೊರಟ ವಿದ್ಯುತ್ಪ್ರೇರಣೆಯು ಮೇಲಣ ಮತ್ತು ಕೆಳಗಣ ಕೋಣೆಗಳ ನಡುವೆ ಹೆಬ್ಬಾಗಿಲಿನಂತಿರುವ ಒಂದು ಸಣ್ಣ ಸ್ಥಾನವನ್ನು ಹಾದು ಕೆಳಗಿಳಿಯುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ವ್ಯಾಧಿಯಲ್ಲಿ ಮೇಲಣ ಕೋಣೆಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಕ್ರಮಗೆಟ್ಟು ಅದುರುತ್ತವೆ. ಬಾಗಿಲು ಇವುಗಳಲ್ಲಿ ಹಲವನ್ನು ತಡೆದರೂ ನುಗ್ಗಿ ಬಂದಷ್ಟರಿಂದಲೇ ನಾಡಿಯು ತಾಳತಪ್ಪಿ ಓಡುತ್ತದೆ. ನಾಲ್ಕು ಮೆಟ್ಟಿಲೇರಿದರೆ ಏದುಸಿರು ಬರುತ್ತದೆ.

ಔಷಧಗಳಿಂದ ಇದನ್ನು ಹತೋಟಿಗೆ ತರುವುದು ಮೊದಲ ಮಾರ್ಗ. ಕ್ರಮಗೆಟ್ಟ ಪ್ರೇರಣೆಗಳು ಬಹುಮಟ್ಟಿಗೆ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಲ್ಲಿ ಹುಟ್ಟುವುವೆಂದು ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರರು 1998ರಲ್ಲಿ ತೋರಿಸಿದ ಮೇಲೆ, ಆ ಸ್ಥಳವನ್ನು ಸುಟ್ಟು ಪ್ರತ್ಯೇಕಿಸುವ ಅಬ್ಲೇಷನ್ ಎರಡನೆಯ ಮಾರ್ಗವಾಯಿತು. ಇದೂ ಕೆಲವರಲ್ಲಿ ವರ್ಷಗಳು ಕಳೆದಂತೆ ಮತ್ತೆ ಬೇಕಾಗುವುದು. ಇವೆರಡೂ ಫಲಿಸದವರಿಗೆ, ವಿಶೇಷವಾಗಿ ವೃದ್ಧರಿಗೆ, ಉಳಿಯುವುದು ಮೂರನೆಯ ಮಾರ್ಗ: ಹೆಬ್ಬಾಗಿಲನ್ನೇ ಸುಟ್ಟು ಮುಚ್ಚಿ, ಕೆಳಗಣ ಕೋಣೆಗಳನ್ನು ಪೇಸ್‌ಮೇಕರಿನಿಂದ ನಡೆಸುವುದು. ಅಮೆರಿಕದ ಮೆಲ್ವಿನ್ ಶೈನ್‌ಮನ್ ಮೊದಲಾದವರು ತೊಡೆಯ ರಕ್ತನಾಳದ ಮೂಲಕ ತಂತಿಯನ್ನು ತೂರಿಸಿ ಇದನ್ನು ಸಾಧಿಸಿದ ವೃತ್ತಾಂತವು 1982ರಲ್ಲಿ ಪ್ರಕಟವಾಯಿತು.

ಯಂತ್ರವನ್ನು ನಂಬಿ ಬಹುಕಾಲ ಬಾಳಬಹುದೆ? ಸ್ವೀಡನ್ನಿನ ಆರ್ನೆ ಲಾರ್ಸನ್ನರ ಬಾಳೇ ಇದಕ್ಕೆ ಉತ್ತರ. ಇಂದು ವೈದ್ಯರು ಬೇಕೆಂದು ಮುಚ್ಚುವ ಬಾಗಿಲು ಅವರಲ್ಲಿ ರೋಗದಿಂದ ಮುಚ್ಚಿತ್ತು. 1958ರಲ್ಲಿ ಅವರ ದೇಹದೊಳಗೆ ಇಟ್ಟ ಮೊದಲ ಯಂತ್ರವು ಕೆಲವು ಗಂಟೆಗಳಲ್ಲಿಯೇ ನಿಂತಿತು. ಆಮೇಲೆ 20ಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು, ಅದನ್ನು ರಚಿಸಿದ ಎಂಜಿನಿಯರನಿಗಿಂತಲೂ ಇರಿಸಿದ ಶಸ್ತ್ರವೈದ್ಯನಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಒಬ್ಬರ ಉದಾಹರಣೆ ಸಾಲದೆನ್ನುವವರು ಅಮೆರಿಕದ ಮೇಯೊ ಚಿಕಿತ್ಸಾಲಯದ ವೈದ್ಯರು 2001ರಲ್ಲಿ ಪ್ರಕಟಿಸಿದ ಪರಿಶೀಲನೆಯನ್ನು ನೋಡಬಹುದು. ಈ ಚಿಕಿತ್ಸೆ ಪಡೆದ 350 ಮಂದಿಯಲ್ಲಿ, ಬೇರೆ ಹೃದ್ರೋಗವಿಲ್ಲದವರ ಆಯುಷ್ಯವು ಸಾಮಾನ್ಯ ಜನರ ಆಯುಷ್ಯಕ್ಕೆ ಸಮನಾಗಿದ್ದಿತು. ಹೃದಯವು ದುರ್ಬಲವಾಗಿ ಆಸ್ಪತ್ರೆ ಸೇರಿದ್ದ 133 ಮಂದಿಯನ್ನು ಕುರಿತು ಯೂರೋಪಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಾಗಿಲು ಮುಚ್ಚಿ ಎರಡೂ ಕೆಳಗಣ ಕೋಣೆಗಳನ್ನು ಒಟ್ಟಿಗೆ ಬಡಿಸುವ ಯಂತ್ರ ಪಡೆದವರಲ್ಲಿ, ಔಷಧ ಮಾತ್ರ ಪಡೆದವರಿಗಿಂತ ಮರಣಗಳು ಕಡಮೆಯಾದುವು.

ಇಷ್ಟರಿಂದ ರೋಗವು ನಿರ್ಮೂಲವಾಯಿತೆಂದು ಭಾವಿಸುವುದು ಅಪಾಯಕರ. ನಾಡಿ ಸಮನಾದರೂ ಮೇಲಣ ಕೋಣೆಗಳು ಒಳಗೆ ಅದುರುತ್ತಲೇ ಇರುತ್ತವೆ. ಅಲ್ಲಿ ನಿಂತ ರಕ್ತವು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು ತಪ್ಪದು. ಆದುದರಿಂದ ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಕೊಟ್ಟ ಔಷಧವನ್ನು, ಹಾಯಾಗಿದೆಯೆಂಬ ಕಾರಣಕ್ಕೆ ತಾವಾಗಿಯೇ ನಿಲ್ಲಿಸಲಾಗದು. ಇನ್ನೊಂದು ಸಂಗತಿ: ಬಲಗೋಣೆಯೊಂದನ್ನೇ ಬಹುಕಾಲ ಬಡಿಸುವುದರಿಂದ ಕೆಲವರ ಹೃದಯದ ಬಲವು ಕುಗ್ಗುತ್ತದೆ. ಇದನ್ನು ತಪ್ಪಿಸಲು ಈಗ ಹೃದಯದ ಸಹಜ ಪ್ರೇರಣಾಮಾರ್ಗಕ್ಕೆ ತಂತಿ ಹೂಡುವ ಕ್ರಮವೂ ಬಂದಿದೆ.

ಸುಟ್ಟ ಬಾಗಿಲನ್ನು ಮತ್ತೆ ತೆರೆಯಲಾಗದು. ಒಪ್ಪಿದವರು ಬಾಳಿನುದ್ದಕ್ಕೂ ಯಂತ್ರವನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ, ವಿದ್ಯುತ್ಕೋಶ ಮುಗಿಯುವ ಮೊದಲೇ ಹೊಸ ಯಂತ್ರವನ್ನು ಇರಿಸಿಕೊಳ್ಳಬೇಕು. ಹೀಗಿರುವಲ್ಲಿ, ಮನೆಯ ಹಿರಿಯರಿಗೆ ಈ ಸಲಹೆ ಬಂದಾಗ ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಬೇರೆ ಮಾರ್ಗಗಳೆಲ್ಲ ಮುಗಿದಿವೆಯೆ? ತಂತಿಯನ್ನು ಎಲ್ಲಿ ಹೂಡುವಿರಿ? ಮುಂದೆ ಯಾವ ಔಷಧ ಉಳಿಯುವುದು? ಉತ್ತರವನ್ನು ತಿಳಿದು ಒಪ್ಪಿದವರಿಗೆ ಈ ಚಿಕಿತ್ಸೆಯಿಂದ ದೊರೆಯುವ ನೆಮ್ಮದಿಯು ಅಲ್ಪವಾದುದಲ್ಲ.