‘ಅಪ್ಪಗ ಹೇಳಬ್ಯಾಡ್ರಿ’: ಮಿರಜಿಗೆ ಹೋಗುವ ಮನೆಗಳ ಕೆಲವು ನಂಬಿಕೆಗಳು

1894ರಲ್ಲಿ ಡಾ. ವ್ಯಾನ್‌ಲೆಸ್ ಮಿಷನ್ ಆಸ್ಪತ್ರೆ ತೆರೆದ ಮೇಲೆ ಅಥಣಿ, ರಾಯಬಾಗ, ಜಮಖಂಡಿ ಕಡೆಯವರಿಗೆ ದೊಡ್ಡ ಬ್ಯಾನಿ ಅಂದರೆ ಮಿರಜ ಎಂಬಂತಾಯಿತು. ಕುಡಚಿ, ಉಗಾರ, ಶೇಡಬಾಳದಲ್ಲಿ ರೈಲು ಹತ್ತಿ ಇಂದಿಗೂ ಜನ ಬರುತ್ತಾರೆ. ಸಾಂಗಲಿ ಜಿಲ್ಲೆಯೊಳಗೇ ಇರುವ ಜತ್ತ ತಾಲ್ಲೂಕಿನ ಕನ್ನಡದವರಿಗೂ ಇದೇ ದಾರಿ. ಕ್ಯಾನ್ಸರಿಗೆಂದೇ ಇಲ್ಲಿ ಆಸ್ಪತ್ರೆಗಳಿವೆ. ಆದರೆ ರೋಗ ಬಲಿತ ಮೇಲೆ ರೋಗಿಯ ಮನಸ್ಸಿಗೆ ಏನು ಬೇಕು ಎಂಬುದರ ಬಗ್ಗೆ ಮನೆಗಳಲ್ಲಿ ಬೇರೂರಿರುವ ನಂಬಿಕೆಗಳು ಅವರನ್ನು ಇನ್ನಷ್ಟು ದಣಿಸುತ್ತವೆ.

‘ಅಪ್ಪಗ ಹೇಳಬ್ಯಾಡ್ರಿ, ಕೇಳಿದ್ರ ಎದಿ ಒಡಕೋತಾರ.’

ಪ್ರೀತಿಯಿಂದಲೇ ಹೀಗೆ ಹೇಳುತ್ತಾರೆ. ಗಡಿಭಾಗದಲ್ಲಿ ಇದನ್ನು ಪಾಲಿಸುವುದು ಇನ್ನೂ ಸುಲಭ: ಡಾಕ್ಟರು ಮರಾಠಿಯಲ್ಲಿ ಹೇಳುತ್ತಾರೆ, ಮರಾಠಿ ಬಾರದ ಅಪ್ಪನಿಗೆ ಮಗ ತನಗೆ ಬೇಕಾದಷ್ಟನ್ನೇ ಕನ್ನಡದಲ್ಲಿ ದಾಟಿಸುತ್ತಾನೆ. ಆದರೆ ಅಪ್ಪನಿಗೆ ಕಣ್ಣಿದೆ. ಆಸ್ಪತ್ರೆಯ ಬೋರ್ಡು, ಪಕ್ಕದ ಮಂಚದವರ ಮಾತು, ಉದುರುವ ಕೂದಲು, ತಾನು ಒಳಗೆ ಬಂದೊಡನೆ ನಿಲ್ಲುವ ಪಿಸುಮಾತು ಎಲ್ಲವೂ ಅವರಿಗೆ ಸುದ್ದಿ ತಲುಪಿಸುತ್ತವೆ. ಮನೆಯವರಿಗೆ ನೋವಾಗಬಾರದೆಂದು ಅವರೂ ಗೊತ್ತಿಲ್ಲದವರಂತೆ ಇರುತ್ತಾರೆ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಅಳುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಕಾಯಿಲೆ ತರುವ ಕಷ್ಟಗಳಲ್ಲಿ ತಪ್ಪಿಸಬಹುದಾದ ಅತಿ ದೊಡ್ಡ ಕಷ್ಟ ಇದೇ. ಹೊಲದ ಕಾಗದ ಸರಿಮಾಡುವುದು, ಮಾತು ಬಿಟ್ಟ ತಮ್ಮನನ್ನು ಕರೆಸುವುದು, ಮುಂದಿನ ಕೀಮೋ ಬೇಕೋ ಬೇಡವೋ ಎಂದು ಹೇಳುವುದು, ಇವೆಲ್ಲ ಅವರ ಹಕ್ಕು.

ಹಾಗೆಂದು ಎಲ್ಲವನ್ನೂ ಒಂದೇ ಸಲ ಹೇಳಿಬಿಡಬೇಕು ಅಂತಲ್ಲ. ‘ನಿಮಗ ಏನ್ ಆಗೇದ ಅಂತ ಅನಸ್ತದ? ಇನ್ನ ಎಷ್ಟು ತಿಳಕೋಬೇಕಂತೀರಿ?’ ಎಂದು ಮೊದಲು ಅವರನ್ನೇ ಕೇಳಬೇಕು. ಕೆಲವರು ‘ನನಗ ಬ್ಯಾಡ, ಮಗನಿಗೆ ಹೇಳ್ರಿ’ ಅನ್ನುತ್ತಾರೆ. ಅದನ್ನೂ ಗೌರವಿಸಬೇಕು.

‘ಇಂಥ ಬ್ಯಾನಿ ಬಂದ್ರ ದುಃಖ ಇರೂದs, ಅದಕ್ಕೇನ್ ಔಷಧ?’

ದುಃಖ ಸಹಜ, ಖಿನ್ನತೆ ಮಾತ್ರ ಚಿಕಿತ್ಸೆ ಬೇಕಾದ ಕಾಯಿಲೆ. ದುಃಖ ಬರುತ್ತದೆ, ಹೋಗುತ್ತದೆ. ನಡುವೆ ಮೊಮ್ಮಗಳು ತೊಡೆಯೇರಿದರೆ ಮುಖ ಅರಳುತ್ತದೆ. ಖಿನ್ನತೆಯಲ್ಲಿ ಅದೂ ಬೇಡವಾಗುತ್ತದೆ. ತೂಕ ಇಳಿಯುವುದು, ನಿದ್ದೆ ಕೆಡುವುದು, ಊಟ ಸೇರದಿರುವುದು ಕ್ಯಾನ್ಸರಿನಿಂದಲೂ ಆಗುವುದರಿಂದ ಅವನ್ನಷ್ಟೇ ನೋಡಿದರೆ ಸಾಲದು. ಎರಡು ವಾರ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ‘ನಾನು ನಿಮಗ ಭಾರ ಆದೆ’ ಎಂಬ ಮಾತು ಮತ್ತೆ ಮತ್ತೆ ಬಂದರೆ, ಸಾಯುವ ಮಾತಾಡಿದರೆ ಡಾಕ್ಟರಿಗೆ ತಿಳಿಸಲೇಬೇಕು. ಆಪ್ತಸಮಾಲೋಚನೆಯಿಂದ, ಮಾತ್ರೆಗಳಿಂದ ಈ ಹಂತದಲ್ಲೂ ಗುಣ ಕಾಣುತ್ತದೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆರೈಕೆ ಮಾಡಿ ಸೋತ ಸೊಸೆಯೂ ಕರೆ ಮಾಡಬಹುದು.

‘ಧೈರ್ಯ ಇದ್ದವರು ಗೆಲ್ಲತಾರ.’

ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬಹಳ ಇರುವ ನಮ್ಮ ಸೀಮೆಗೆ ಹತ್ತಿರದ ಒಂದು ಅಧ್ಯಯನವಿದೆ. ತಲೆ ಮತ್ತು ಕತ್ತಿನ ಕ್ಯಾನ್ಸರಿನ 1,093 ರೋಗಿಗಳ ಮನಃಸ್ಥಿತಿಯನ್ನು ಅಳೆದು 2007ರಲ್ಲಿ ಪ್ರಕಟವಾದ ಅದರ ಪ್ರಕಾರ, ಹುರುಪಿನಲ್ಲಿದ್ದವರು ಹೆಚ್ಚು ದಿನ ಬದುಕಲಿಲ್ಲ, ಕುಗ್ಗಿದವರು ಬೇಗ ಸಾಯಲೂ ಇಲ್ಲ. ಅಂದರೆ ರೋಗ ಹೆಚ್ಚಾದರೆ ಅದು ರೋಗಿಯ ಅಧೈರ್ಯದ ತಪ್ಪಲ್ಲ. ಅಳು ಬಂದರೆ ಅಳಲಿ. ಮನಸ್ಸನ್ನು ಹಗುರ ಮಾಡುವುದು ಉಳಿದ ದಿನಗಳು ಚೆನ್ನಾಗಿರಲೆಂದು, ಆಯುಷ್ಯದ ಲೆಕ್ಕಕ್ಕಲ್ಲ.

‘ತಾಟು, ಚರಿಗಿ ಬ್ಯಾರೆ ಇಡ್ರಿ.’

ಬೇಡ. ಜೊತೆಗೆ ಕೂತು ಉಂಡರೆ ಕ್ಯಾನ್ಸರ್ ಹರಡುವುದಿಲ್ಲ. ಬೇರೆ ತಾಟಿನಲ್ಲಿ ಉಂಡವರ ಮನಸ್ಸು ಏನಾಗುತ್ತದೆಂದು ಯೋಚಿಸಿ.

‘ಮಾರ್ಫಿನ್ ಕೊಟ್ರ ಚಟ ಹತ್ತತದ, ಇಲ್ಲಾ ಲಗೂನ ಹೋಗತಾರ.’

ರಾತ್ರಿಯಿಡೀ ನೋವಿನಲ್ಲಿ ನರಳುವವರಿಗೆ ಸಮಾಧಾನದ ಮಾತು ತಲುಪುವುದಿಲ್ಲ. ಮೊದಲು ನೋವು ಇಳಿಯಬೇಕು. ಡಾಕ್ಟರರ ಉಸ್ತುವಾರಿಯಲ್ಲಿ ಪ್ರಮಾಣವನ್ನು ಹಂತಹಂತವಾಗಿ ಹೊಂದಿಸಿ ಕೊಟ್ಟ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ. ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರಲ್ಲಿ ಚಟ ಅಪರೂಪ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಅದಕ್ಕೆ ಜೊತೆಗೇ ಔಷಧ ಕೊಡುತ್ತಾರೆ. ನೋವು ಬರಲೆಂದು ಕಾಯದೆ ಹೊತ್ತಿಗೆ ಸರಿಯಾಗಿ ನುಂಗಬೇಕು. ಮಾದಕವಸ್ತು ಕಾನೂನಿಗೆ 2014ರಲ್ಲಿ ತಿದ್ದುಪಡಿಯಾಗಿದ್ದು, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವ ದಾರಿ ಸುಲಭವಾಗಿದೆ.

‘ಉಪಶಮನ ಆರೈಕೆ ಅಂದ್ರ ಡಾಕ್ಟರು ಕೈ ಬಿಟ್ರು ಅಂತ.’

ಅಮೆರಿಕದ ಬೋಸ್ಟನ್ನಿನಲ್ಲಿ ಬಲಿತ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳಲ್ಲಿ ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ, ನೋವು ಮತ್ತು ಮನಸ್ಸಿನ ಸಂಕಟ ಇಳಿಸುವ ಈ ಆರೈಕೆ ಕೊಟ್ಟರು. 2010ರಲ್ಲಿ ಬಂದ ಫಲಿತಾಂಶದಲ್ಲಿ ಅವರ ಪೈಕಿ ಖಿನ್ನತೆಯ ಲಕ್ಷಣವಿದ್ದವರು ಶೇ 16, ಉಳಿದವರಲ್ಲಿ ಶೇ 38. ಹಾಗಾಗಿ ಔಷಧ ನಾಟದೆ ಮನೆಗೆ ಕಳಿಸುವ ದಿನದವರೆಗೆ ಕಾಯಬೇಡಿ. ಮೊದಲ ಕೀಮೋದ ಚೀಟಿ ಬರೆಸುವಾಗಲೇ ಕೇಳಿ: ನೋವಿಗೆ ಯಾರನ್ನು ಕಾಣಬೇಕು, ಮನಸ್ಸಿಗೆ ಯಾರನ್ನು ಕಾಣಬೇಕು, ಅಪ್ಪನ ಜೊತೆ ಕನ್ನಡದಲ್ಲಿ ಮಾತಾಡುವವರು ನಿಮ್ಮಲ್ಲಿ ಯಾರಿದ್ದಾರೆ?